ಆರದ ಲಂಗೋಟಿ

ಮಾದರಪಾಟಿನ ದಪ್ಪ ಬಟ್ಟೆಗೆ ವ್ಯಾಪಾರಿ ಗಜಕ್ಕೆ ಹದಿನಾಲ್ಕಾಣೆ ಹೇಳಿದ. ನಾನು ಹತ್ತಕ್ಕೆ ಇಳಿಸಿದೆ. ಹೊಸ ಪೈಸೆ ಬಂದಿದ್ದರೂ ಹಳಿಯಾಳ ಸಂತೆಯಲ್ಲಿ ಚೌಕಾಶಿ ಇನ್ನೂ ಆಣೆಯಲ್ಲೇ ನಡೆಯುತ್ತಿತ್ತು. ಮೋಡ ಕವಿದಿತ್ತು, ವ್ಯಾಪಾರಿಗೆ ಗಂಟು ಕಟ್ಟುವ ಅವಸರ. ಅಂಥ ಹೊತ್ತು ನೋಡಿಯೇ ಬಾಯಿ ಹಾಕಬೇಕು. ಅಂಗಿ ಬಟ್ಟೆ ಅದಕ್ಕಿಂತ ಅಗ್ಗಕ್ಕೆ ಸಿಗುತ್ತಿತ್ತು, ನಿಜ. ಆದರೆ ಅಂಗಿ ಹರಿದರೆ ಮನೆಗೆ ಬಂದು ಹೊಲಿಸಬಹುದು. ಕುಸ್ತಿ ಕಣದಲ್ಲಿ ಎದುರಿನವ ಸೊಂಟಕ್ಕೆ ಕೈ ಹಾಕಿ ಎತ್ತುವಾಗ ಲಂಗೋಟಿ ಹರಿದರೆ ಏನು ಮಾಡುತ್ತೀರಿ? ಅದಕ್ಕೇ ದಪ್ಪ ಬಟ್ಟೆ, ಎರಡು ಪದರ, ಒತ್ತು ಹೊಲಿಗೆ. ಅದಕ್ಕೇ ಆ ಬೆಲೆ.

ಲಂಗೋಟಿ ನನಗಲ್ಲ, ಅಣ್ಣನಿಗೆ. ಹಿಂದಿನ ದೀಪಾವಳಿ ಮುಗಿಸಿಕೊಂಡು ಅವ್ವ, ಅಣ್ಣ, ನಾನು ಧಾರವಾಡದ ಕಡೆಯಿಂದ ದಾಂಡೇಲಿಗೆ ಬಂದು ಒಂದು ಖೋಲಿ ಹಿಡಿದಿದ್ದೆವು. ಕಾಗದದ ಗಿರಣಿ ಶುರುವಾದ ಹೊಸತು. ಅಣ್ಣ ಬಿದಿರು ಹೊರುವ ಕೆಲಸಕ್ಕೆ ಸೇರಿದ. ನನಗೆ ಹೊರೆ ಒಗ್ಗಲಿಲ್ಲ. ಒಬ್ಬ ಜವಳಿ ವ್ಯಾಪಾರಿಯ ಹಿಂದೆ ಹಳಿಯಾಳ, ಮುಂಡಗೋಡ, ಜೋಯಿಡಾ ಅಂತ ಸಂತೆ ಸಂತೆ ತಿರುಗುತ್ತ, ಬಾಯಿಯಿಂದ ಹೊಟ್ಟೆ ಹೊರೆಯುವುದನ್ನು ಕಲಿತೆ.

ನಮ್ಮ ಕಡೆಯಿಂದ ಗಿರಣಿಗೆ ಬಂದ ಹುಡುಗರೆಲ್ಲ ಸೇರಿ ತಗಡಿನ ಚಪ್ಪರದ ಒಂದು ಗರಡಿಮನೆ ಮಾಡಿಕೊಂಡಿದ್ದರು. ಹಳಿಯಾಳದಿಂದ ಕೆಂಪು ಮಣ್ಣು ಹೇರಿಸಿ ತಂದು, ಮಜ್ಜಿಗೆ, ಎಣ್ಣೆ, ಅರಿಶಿನ ಕಲಸಿ ಕಣ ಹದಗೊಳಿಸಿದ್ದರು. ಮಣ್ಣಿನ ಜೊತೆಗೆ ಊರಿನ ಕಟ್ಟಳೆಗಳನ್ನೂ ಹೇರಿಕೊಂಡು ಬಂದಿದ್ದರು. ಕಲಿಸುವ ಹಿರಿಯನಿಗೆ ವಸ್ತಾದ ಅಂತ ಹೆಸರು. ಅವನು ಶನಿವಾರ ಮಾರುತಿಯ ಪಟದ ಮುಂದೆ ನಿಲ್ಲಿಸಿ ತನ್ನ ಕೈಯಾರೆ ಲಂಗೋಟಿ ಕಟ್ಟುತ್ತಾನೆ. ಆಮೇಲೆ ಅದು ಹರಿಯುವ ತನಕ ಅದೊಂದೇ. ಅವರವರದು ಅವರವರೇ ಒಗೆದು ಗರಡಿಯ ಹಗ್ಗಕ್ಕೇ ಹಾಕಬೇಕು. ಮನೆಗೆ ಒಯ್ಯುವಂತಿಲ್ಲ. ಹೆಣ್ಣುಮಕ್ಕಳ ಕೈ ತಾಗಬಾರದು, ಅಡಿಗೆ ಒಲೆಯ ಹತ್ತಿರವಂತೂ ಸುಳಿಯಬಾರದು. ಪೈಲವಾನ ಬ್ರಹ್ಮಚಾರಿ, ಅವನ ಲಂಗೋಟಿಯೂ ಬ್ರಹ್ಮಚಾರಿ ಅಂತ ಲೆಕ್ಕ. ನಮ್ಮೂರಲ್ಲಿ ಈ ಕಟ್ಟಳೆಯಿಂದ ಯಾರಿಗೂ ತೊಂದರೆ ಇರಲಿಲ್ಲ. ಅಲ್ಲಿ ಮುಂಜಾನೆ ಹಿಂಡಿ ಹಾಕಿದ ಬಟ್ಟೆ ರೊಟ್ಟಿ ತಿಂದು ಏಳುವುದರೊಳಗೆ ಹಪ್ಪಳ ಆಗುತ್ತಿತ್ತು.

ನಾನು ಮೂರು ಲಂಗೋಟಿಗಾಗುವಷ್ಟು ಬಟ್ಟೆ ತಂದಿದ್ದೆ. ಅಣ್ಣ ಗಂಟು ಬಿಚ್ಚಿ ನಕ್ಕ.

"ಮೂರ್ಯಾಕೋ? ನನಗೇನು ಮೂರು ಸೊಂಟ ಅದಾವೇನು?"

"ಸೊಂಟ ಒಂದ ಐತಿ, ಮಳಿ ನಾಕ್ ತಿಂಗಳ ಐತಿ. ಇಲ್ಲಿ ಬಟ್ಟಿ ಅರಬಿ ಆರೂದುಲ್ಲಂತ, ಸಂತ್ಯಾಗ ಎಲ್ಲಾರೂ ಅಂತಾರ."

"ವಸ್ತಾದರು ಕಟ್ಟೂದು ಒಂದ. ನೀ ನಿನ್ನ ಯಾಪಾರ ಸಂತ್ಯಾಗ ಮಾಡು, ಗರಡ್ಯಾಗ ಬ್ಯಾಡ."

ಒಂದನ್ನೇ ಹೊಲಿಸಿದ. ಉಳಿದ ಬಟ್ಟೆಯನ್ನು ಅವ್ವ ಟ್ರಂಕಿಗೆ ಹಾಕಿದಳು.

ಅಣ್ಣನಿಗೆ ಆ ವರ್ಷ ಒಂದೇ ಗುಂಗು. ಚಳಿಗಾಲದಲ್ಲಿ ಹಳಿಯಾಳದ ಕಣದಲ್ಲಿ ಒಬ್ಬ ಸಿದ್ದಿ ಹುಡುಗನ ಜೊತೆ ಕುಸ್ತಿ ಆಡಿದ್ದ. ಆ ಹುಡುಗ ಕಾಡಿನಂಚಿನ ಹಳ್ಳಿಯವ, ಗೇಯ್ದು ಉಣ್ಣುವ ಮನೆಯವ, ಹಿಡಿದರೆ ಬಿಡದವ. ಹೊತ್ತು ಮುಳುಗಿದರೂ ಇಬ್ಬರಲ್ಲಿ ಯಾರೂ ಬೀಳಲಿಲ್ಲ. "ಸಮ" ಅಂತ ಬಿಡಿಸಿದರು. ಬಿಡಿಸುವಾಗ ಅವನು ಅಣ್ಣನ ಬೆನ್ನ ಮೇಲೆ ಮಣ್ಣಿನ ಕೈ ಬಡಿದು, "ಮಳಿ ಮುಗೀಲಿ ಪೈಲವಾನ, ಆಮ್ಯಾಲೆ ನಾ ಅದೀನಿ, ನೀ ಅದೀ" ಅಂದಿದ್ದ. ಹತ್ತು ಊರಿನವರು ಕೇಳಿದ್ದರು. ಬಿದಿರು ಹೊರುವ ಅಣ್ಣನಿಗೆ ಹಳಿಯಾಳದಲ್ಲಿ ಹೆಸರು ಅಂತ ಇದ್ದದ್ದು ಆ ಒಂದು ಸಮದ ಕುಸ್ತಿಯಿಂದ. ಮಳೆ ಮುಗಿದ ಮೇಲೆ ಹೋಗಿ ನಿಂತರೆ ಆ ಹೆಸರು ಉಳಿಯುತ್ತಿತ್ತು.

ಮಳೆ ಹಿಡಿಯಿತು. ದಾಂಡೇಲಿಯ ಮಳೆ ನಮ್ಮೂರಿನ ಮಳೆಯ ಹಾಗೆ ಬಂದು ಹೋಗುವ ನೆಂಟ ಅಲ್ಲ. ಖೋಲಿಯ ಗೋಡೆ ಬೆವರಿತು, ಉಪ್ಪು ನೀರಾಯಿತು, ನಮ್ಮ ವ್ಯಾಪಾರಿಯ ಗಂಟಿನಲ್ಲಿ ಸೀರೆಗಳಿಗೆ ಬೂಸಲು ಬಂತು. ಒಂದು ದಿನ ಗರಡಿಗೆ ಹೋದಾಗ ಹಗ್ಗ ನೋಡಿದೆ. ಸಾಲಾಗಿ ತೂಗಿದ ಲಂಗೋಟಿಗಳಲ್ಲಿ ಒಂದೂ ಆರಿರಲಿಲ್ಲ. ಅಂಚಿನಲ್ಲಿ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಅಣ್ಣ ತನ್ನದನ್ನು ತೆಗೆದು, ಹಿಂಡಿ, ಹಾಗೇ ಕಟ್ಟಿಕೊಂಡ. ಮೈಗೆ ತಣ್ಣಗೆ ತಾಗಿದಾಗ ಹಲ್ಲು ಕಚ್ಚಿದ್ದು ಕಂಡಿತು. ಉಳಿದವರೂ ಹಾಗೇ ಕಟ್ಟಿಕೊಳ್ಳುತ್ತಿದ್ದರು.

ಅವ್ವನೂ ಅಂದಳು, "ತಾರಪಾ, ಒಲಿ ಮ್ಯಾಲ ಹಗ್ಗ ಕಟ್ತೀನಿ, ಹೊತ್ತೇರೂದ್ರಾಗ ಆರತೈತಿ. ನಾ ಮುಟ್ಟೂದುಲ್ಲ, ಕಟಗೀಲೆ ಹಾಕ್ತೀನಿ."

"ಬ್ಯಾಡ ಅಂದ್ರ ಬ್ಯಾಡವ್ವಾ. ನಾಳಿ ಕಣದಾಗ ಬಿದ್ರ ನಿನ್ನ ಒಲಿ ಮ್ಯಾಲ ಬರತೈತಿ ಮಾತು."

ಶ್ರಾವಣದ ಹೊತ್ತಿಗೆ ಅವನ ನಡಿಗೆ ಬದಲಾಯಿತು. ತೊಡೆ ತೊಡೆಗೆ ತಾಗದ ಹಾಗೆ ಕಾಲು ಅಗಲಿಸಿ ನಡೆಯುತ್ತಿದ್ದ. ಕಾಳಿ ನದಿಯ ದಂಡೆಯಲ್ಲಿ ಸ್ನಾನಕ್ಕೆ ಹೋದಾಗ ಹಿಡಿದು ಕೇಳಿದೆ. ಮೊದಲು ಬೈದ. ಆಮೇಲೆ ತೋರಿಸಿದ. ತೊಡೆಸಂದಿಯಲ್ಲಿ ಎರಡೂ ಕಡೆ ಗಜಕರ್ಣ, ಅಂಗೈ ಅಗಲ, ನಡುವೆ ಚರ್ಮ ಸುಲಿದು ಕೆಂಪಗೆ.

"ವಸ್ತಾದಗ ಹೇಳು. ನಾಳೇನ ದವಾಖಾನಿಗೆ ಹೋಗೂಣು."

"ಹೇಳಿದ್ರ ಏನಂತಾರ ಗೊತ್ತಿಲ್ಲೇನು? ಆ ಜಾಗಾದಾಗ ಹುಣ್ಣಾತಂದ್ರ, ಎಲ್ಲಿ ಹೋಗಿದ್ಯೋ ಮಗನ ಅಂತಾರ. ಲಂಗೋಟಿ ಸಡಲ ಐತಿ ಅಂತಾರ."

ಲಂಗೋಟಿ ಸಡಿಲ ಅಂದರೆ ಹೆಣ್ಣಿನ ಚಾಳಿ ಇದೆ ಅಂತ. ಗರಡಿಯಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇರಲಿಲ್ಲ. ಮದುವೆ ಆಗದ ಗಂಡಸು ಅವನು, ಬಿದಿರು ಹೊತ್ತು, ದಂಡ ಬಸ್ಕಿ ಹೊಡೆದು, ಅವ್ವ ಬಡಿಸಿದ್ದು ಉಂಡು ಮಲಗುವವ. ದವಾಖಾನೆಗೆ ಹೋದರೆ ಸಾಲಿನಲ್ಲಿ ಗರಡಿಯವರೇ ನಿಂತಿರುತ್ತಾರೆ ಅಂತ ಅಲ್ಲಿಗೂ ಬರಲಿಲ್ಲ.

ತಾನೇ ಮದ್ದು ಹುಡುಕಿದ. ಗಿರಣಿಯಲ್ಲಿ ದುಡಿಯುವವನಿಗೆ ಮಾತ್ರ ಹೊಳೆಯುವ ಮದ್ದು ಅದು. ಕಪ್ಪು ಬಿದಿರಿನ ರೊಜ್ಜು ಬಿಳಿ ಹಾಳೆ ಆಗುವುದನ್ನು ದಿನಾ ಕಾಣುತ್ತಿದ್ದನಲ್ಲ, ಅಷ್ಟು ಹೊಲಸು ತೆಗೆಯುವ ಔಷಧ ಈ ಕಲೆ ತೆಗೆಯದೇ ಇರುತ್ತದೆಯೇ ಅಂದುಕೊಂಡ. ಪೇಟೆಯಲ್ಲಿ ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿ ಕೊಂಡು, ನೀರಲ್ಲಿ ಕಲಸಿ ಹಚ್ಚಿಕೊಂಡ. ನನಗೆ ಗೊತ್ತಾದದ್ದು ಅವನು ಎರಡು ದಿನ ಕೆಲಸಕ್ಕೆ ಹೋಗದೆ ಗೋಡೆಗೆ ಮುಖ ಮಾಡಿ ಮಲಗಿದಾಗ. ಗಜಕರ್ಣ ಇದ್ದ ಜಾಗದಲ್ಲಿ ಸುಟ್ಟ ಗಾಯ. ಅವ್ವ ಟ್ರಂಕು ತೆಗೆದು, ನಾನು ತಂದಿದ್ದ ಮಾದರಪಾಟನ್ನು ಉದ್ದಕ್ಕೆ ಹರಿದು, ಪಟ್ಟಿ ಮಾಡಿ ಅವನ ತಲೆದಿಂಬಿನ ಹತ್ತಿರ ಇಟ್ಟಳು.

ದಸರಾ ಕಳೆಯಿತು. ಹಳಿಯಾಳದಲ್ಲಿ ಜೋಡಿ ಕಟ್ಟುವ ದಿನ ಬಂತು. ಆ ದಿನ ಪೈಲವಾನರೆಲ್ಲ ಬಟ್ಟೆ ಕಳಚಿ ಬರೀ ಲಂಗೋಟಿಯಲ್ಲಿ ಕಣದ ಅಂಚಿಗೆ ನಿಲ್ಲಬೇಕು. ವಸ್ತಾದರು ಸುತ್ತು ಹಾಕಿ, ಭುಜ ತೊಡೆ ಮುಟ್ಟಿ ನೋಡಿ, ಸಮಜೋಡಿ ಕೂಡಿಸುತ್ತಾರೆ. ಮೈಮೇಲೆ ಹುಣ್ಣು, ಕಜ್ಜಿ ಇದ್ದವನನ್ನು ಹಿಂದೆ ಸರಿಸುತ್ತಾರೆ, ಮಣ್ಣು ಎಲ್ಲರದ್ದು ಅಂತ. ಅದು ತಪ್ಪಲ್ಲ. ನಾನು ಬೇಡ ಅಂದರೂ ಅಣ್ಣ ಹೊರಟ. ಗಾಯ ಪೂರಾ ಮಾಯ್ದಿರಲಿಲ್ಲ. ಬಸ್ಸಿನಲ್ಲಿ ಕೂರಲಾರದೆ ಹಳಿಯಾಳದ ತನಕ ನಿಂತೇ ಬಂದ.

ಸಿದ್ದಿ ಹುಡುಗ ಆಗಲೇ ಸಜ್ಜಾಗಿದ್ದ. ಅಣ್ಣನನ್ನು ನೋಡಿ ಓಡಿ ಬಂದು ತಬ್ಬಿಕೊಂಡ. ಅವನ ಲಂಗೋಟಿ ಒಲೆಯ ಹೊಗೆ ಕುಡಿದು ಚಹಾದ ಬಣ್ಣಕ್ಕೆ ತಿರುಗಿತ್ತು.

"ಏನೋ, ಹೊಗಿ ವಾಸನಿ?" ಅಂದ ಅಣ್ಣ.

"ನಮ್ಮವ್ವ ಮೀನಾ ಒಣಗ್ಸೂ ಹಗ್ಗಕ್ಕ ಇದನ್ನೂ ಹಾಕ್ತಾಳ. ಇವತ್ತ ನನ್ನ ಹಿಡದ್ರ ನಿನಗ ಊಟದ ನೆನಪ ಆಗತೈತಿ ನೋಡು. ಬಿಚ್ಚು ಬಿಚ್ಚು, ಹೊತ್ತಾತು!"

ಸುತ್ತಲಿದ್ದವರು ನಕ್ಕರು. ಅಣ್ಣನೂ ನಕ್ಕ. ಧೋತರದ ಕಚ್ಚೆಗೆ ಕೈ ಹಾಕಿದ. ಕೈ ಅಲ್ಲೇ ನಿಂತಿತು.

ನಮ್ಮ ವಸ್ತಾದ ಕರೆದ, "ಏ, ಯಾಕ ನಿಂತಿ? ಬಾ."

"ಇವತ್ತ ಆಗೂದುಲ್ರಿ."

"ಯಾಕ? ಮೈಯಾಗ ಹುಷಾರಿಲ್ಲೇನು?"

"ಹುಷಾರ ಅದೀನ್ರಿ. ಮನಸಿಲ್ಲ."

ಕಣದ ಆಚೆಯಿಂದ ಯಾರೋ ಕೂಗಿದರು, "ಅಂಜ್ಯಾನ್ರಿ, ಅಂಜ್ಯಾನ! ಕಚ್ಚಿ ಬಿಚ್ಚಾಕ ನಾಚಿಕಿ, ಹೊಸಾ ಸೊಸಿ!"

ಇದ್ದದ್ದನ್ನು ಹೇಳಿಬಿಡಬೇಕು ಅಂತ ನಾನು ಬಾಯಿ ತೆರೆದೆ. ಅಣ್ಣ ನನ್ನ ಮುಂಗೈ ಹಿಡಿದ. ಬಿದಿರು ಹೊತ್ತ ಕೈ. ಎಲುಬು ಪುಡಿಯಾಗುವ ಹಾಗೆ ಹಿಡಿದ. ಹುಣ್ಣು ತೋರಿಸಿದರೆ ಸಡಿಲ ಅನ್ನುತ್ತಾರೆ, ತೋರಿಸದಿದ್ದರೆ ಅಂಜುಬುರುಕ ಅನ್ನುತ್ತಾರೆ. ಅವನು ಅಂಜುಬುರುಕ ಅನ್ನಿಸಿಕೊಳ್ಳುವುದನ್ನು ಆರಿಸಿಕೊಂಡ. ಸಿದ್ದಿ ಹುಡುಗ ಮಾತ್ರ ನಗಲಿಲ್ಲ. ಅಣ್ಣನ ಮುಖ ನೋಡಿ, ಅಗಲಿಸಿ ನಿಂತ ಕಾಲು ನೋಡಿ, ಕಣದತ್ತ ತಿರುಗಿದ. ಅವನಿಗೆ ಬೇರೆ ಜೋಡಿ ಸಿಕ್ಕಿತು.

ಬರುವಾಗಲೂ ಅಣ್ಣ ಬಸ್ಸಿನಲ್ಲಿ ನಿಂತೇ ಬಂದ. ಇಳಿದವನೇ ಲಂಗೋಟಿಯನ್ನು ಗರಡಿಯ ಹಗ್ಗಕ್ಕೆ ಹಾಕಿದ, ಆಮೇಲೆ ಅಲ್ಲಿಗೆ ಮತ್ತೆ ಹೋಗಲಿಲ್ಲ. ಅವನ ಲಂಗೋಟಿ ಆ ಹಗ್ಗದ ಮೇಲೆ ಹಾಗೇ ಉಳಿಯಿತು. ಬೇರೆಯವರದನ್ನು ಯಾರೂ ಮುಟ್ಟುವುದಿಲ್ಲವಲ್ಲ. ಬೇಸಿಗೆಯಲ್ಲಿ ಒಮ್ಮೆ ನಾನು ಹೋಗಿ ನೋಡಿದೆ. ಪೂರಾ ಆರಿತ್ತು. ತೆಗೆಯಲು ಹೋದರೆ ಮಡಿಕೆಯಲ್ಲಿ ಹರಿಯಿತು.

ಮುಂದೆ ನಾನು ಸ್ವಂತ ಜವಳಿ ಅಂಗಡಿ ಹಾಕಿದೆ. ತಾಲೀಮಿನ ಹುಡುಗರು ಲಂಗೋಟಿಗೆ ಬಂದರೆ ಒಂದೇ ಕೊಡುವುದಿಲ್ಲ. ಕೊಂಡರೆ ಎರಡು, ಇಲ್ಲವಾದರೆ ಬೇರೆ ಅಂಗಡಿ ನೋಡ್ರಿ ಅನ್ನುತ್ತೇನೆ. ವ್ಯಾಪಾರಕ್ಕೆ ಹೇಳ್ತಾನ ಅಂತ ನಗುತ್ತಾರೆ. ನಗಲಿ. ನೀವು ಮಕ್ಕಳನ್ನು ತಾಲೀಮಿಗೆ ಕಳಿಸುವವರಾದರೆ ಇಷ್ಟು ಕೇಳಿ. ಬಟ್ಟೆ ಬರೀ ಹತ್ತಿಯದಿರಲಿ, ಮಿನುಗುವ ಬಟ್ಟೆ ಬೇಡ. ಹೊಲಿಸುವ ಮೊದಲು ಒಂದು ರಾತ್ರಿ ನೆನೆಸಿ ಒಣಗಿಸಿ, ಆಮೇಲೆ ಕುಗ್ಗುವುದಿಲ್ಲ. ಮೇಲೆ ಚಡ್ಡಿ ಹಾಕುವುದಾದರೆ ಎದುರಿನವನ ಹಿಡಿತಕ್ಕೆ ಸಿಗದ ಹಾಗೆ ಸೊಂಟದಲ್ಲಿ ಎರಡು ಬೆರಳು ತೂರದಷ್ಟು ಬಿಗಿ ಇರಲಿ, ತೊಡೆಯಲ್ಲಿ ಗಾಳಿ ಆಡಲಿ. ಮಳೆಗಾಲದಲ್ಲಿ ಒಲೆಯ ಮೇಲೆ ಹಗ್ಗ ಕಟ್ಟಿ, ಯಾರ ಕೈಯಿಂದಾದರೂ ಹಾಕಿಸಿ. ತುರಿಕೆ ಕಂಡರೆ ಅದೇ ದಿನ ಡಾಕ್ಟರಿಗೆ ತೋರಿಸಿ, ಹುಡುಗನ ಚಾಳಿ ಆಮೇಲೆ ವಿಚಾರಿಸುವಿರಂತೆ. ಕಟ್ಟುವ ಮುಂಚೆ ಬಟ್ಟೆಯನ್ನು ಕೆನ್ನೆಗೆ ಒತ್ತಿ ನೋಡಲು ಹೇಳಿ. ತಣ್ಣಗೆ ತಾಗಿದರೆ ಇನ್ನೂ ಹಸಿ ಇದೆ ಅಂತ ತಿಳಿಯಬೇಕು, ಆ ದಿನ ಅಂಗಿ ಹಾಕಿಕೊಂಡು ಮನೆಯಲ್ಲೇ ಕೂರಬೇಕು.