ಎರಡು ಹಾಸಿಗೆಗಳ ನಡುವಿನ ಸೋಂಕು

೨೦೧೨ರ ಸುಮಾರಿಗೆ ನಾನು ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಥಾಣೆಗೆ, ಅಲ್ಲಿಂದ ಗಾಡಿ ಬದಲಿಸಿ ಸಾನಪಾಡಾಕ್ಕೆ ಹೋಗಿ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೆ. ರೋಗಿಗಳ ಕೀವಿನಿಂದ ಬ್ಯಾಕ್ಟೀರಿಯಾ ಬೆಳೆಸಿ, ಅದು ಯಾವ ಆಂಟಿಬಯೋಟಿಕ್‌ಗೆ ಸಾಯುತ್ತದೆಂದು ನೋಡುವುದು ನನ್ನ ಕೆಲಸ. ಬ್ಯಾಕ್ಟೀರಿಯಾ ಹರಡಿದ ತಟ್ಟೆಯ ಮೇಲೆ ಔಷಧಿಯ ಪುಟ್ಟ ಬಿಲ್ಲೆಗಳನ್ನು ಇಡುತ್ತೇವೆ. ಔಷಧಿ ನಾಟಿದರೆ ಮರುದಿನ ಬಿಲ್ಲೆಯ ಸುತ್ತ ಸ್ವಚ್ಛವಾದ ವೃತ್ತ ಮೂಡಿರುತ್ತದೆ.

ಹನ್ನೊಂದನೇ ಹಾಸಿಗೆಯ ರೋಗಿಯ ತಟ್ಟೆಯಲ್ಲಿ ಒಂದು ವೃತ್ತವೂ ಇರಲಿಲ್ಲ. ನಾನೇ ಏನೋ ತಪ್ಪು ಮಾಡಿರಬೇಕೆಂದು ಅದೇ ಕೀವಿನಿಂದ ಇನ್ನೊಂದು ತಟ್ಟೆ ಹಚ್ಚಿದೆ.

ಆ ರೋಗಿ ಕುಂದಾಪುರ ಕಡೆಯವರು, ತುರ್ಭೆಯ ಹೋಟೆಲೊಂದರಲ್ಲಿ ಅಡುಗೆಯವರು. ಕರುಳಿನ ಆಪರೇಷನ್ ಆದ ಗಾಯ ಕೀವು ಕಟ್ಟಿತ್ತು. ಅವರ ಹೆಂಡತಿ ದಿನವೂ ಗಂಜಿ ತರುತ್ತಿದ್ದರು. ನಾನು ಉಡುಪಿಯವಳೆಂದು ತಿಳಿದ ದಿನದಿಂದ ನನ್ನನ್ನು ತಂಗಿ ಎನ್ನುತ್ತಿದ್ದರು.

"ತಂಗಿ, ರಿಪೋರ್ಟ್ ಬಂತಾ? ಜ್ವರ ಇಳಿಯುದೇ ಇಲ್ಲ ಮಾರಾಯ್ತಿ."

"ಡಾಕ್ಟ್ರು ಹೇಳ್ತಾರೆ ಅಕ್ಕ," ಎಂದೆ. ರೋಗಿಯ ಮನೆಯವರಿಗೆ ನಾವು ಏನನ್ನೂ ಹೇಳುವಂತಿರಲಿಲ್ಲ.

ಪಕ್ಕದ ಹಾಸಿಗೆಯಲ್ಲಿ ತುರ್ಭೆಯ ಹಮಾಲನೊಬ್ಬನಿದ್ದ. ಕಬ್ಬಿಣದ ಲೋಡು ಬಿದ್ದು ಅವನ ಕಾಲು ಜಜ್ಜಿಹೋಗಿತ್ತು. ಅವನ ಹೆಂಡತಿ ಕೆಲಸ ಮುಗಿಸಿ ಸಂಜೆ ಬರುವವರೆಗೆ ಅವನಿಗೂ ಅಕ್ಕನೇ ಗಂಜಿ ಕುಡಿಸುತ್ತಿದ್ದರು. ಆ ದಿನ ರಕ್ತ ತೆಗೆಯಲು ಹೋದವಳು ನೋಡಿದೆ: ಗಂಡನ ಒದ್ದೆ ಬ್ಯಾಂಡೇಜನ್ನು ಒತ್ತಿ ಹಿಡಿದಿದ್ದ ಕೈಯಲ್ಲೇ ಅಕ್ಕ ಹಮಾಲನ ಚಾದರ ಸರಿಪಡಿಸಿದರು.

"ಕೈ ತೊಳ್ಕೊಳ್ಳಿ ಅಕ್ಕ."

"ನಲ್ಲಿ ಹತ್ರ ಸೋಪೇ ಇಲ್ಲ," ಎಂದು ನಕ್ಕರು.

ರಿಪೋರ್ಟಿಗೆ ಇನ್ನೂ ಡಾಕ್ಟರ ಸಹಿ ಬಿದ್ದಿರಲಿಲ್ಲ. ನಾನು ಬೇರೇನೂ ಹೇಳದೆ ಕೆಳಗೆ ಲ್ಯಾಬಿಗೆ ಇಳಿದೆ.

ಎರಡನೇ ಸಲವೂ ತಟ್ಟೆ ಹಾಗೆಯೇ ಇತ್ತು. ನಾಲ್ಕು ದಿನ ಕಳೆದು ಹಮಾಲನ ಕೀವು ಲ್ಯಾಬಿಗೆ ಬಂತು. ಅವನ ತಟ್ಟೆಯಲ್ಲೂ ವೃತ್ತವಿರಲಿಲ್ಲ.

ನಮ್ಮ ಲ್ಯಾಬಿನ ಡಾಕ್ಟರು ನಿವೃತ್ತಿಯ ಅಂಚಿನಲ್ಲಿದ್ದ ಮರಾಠಿ ಹೆಂಗಸು. ಎರಡೂ ರಿಪೋರ್ಟು ಹಿಡಿದು ಆಡಳಿತದವರ ಬಳಿ ಹೋದವರು ಮುಖ ಕೆಂಪಗೆ ಮಾಡಿಕೊಂಡು ಬಂದರು. ಬರವಣಿಗೆಯಲ್ಲಿ ಏನೂ ಬೇಡ ಎಂದು ಆಡಳಿತದವರು ಹೇಳಿದರಂತೆ.

"ಪೂರೇ ವಾರ್ಡ್ ಕಾ ಸ್ವ್ಯಾಬ್ ಲೋ," ಎಂದರು ನನಗೆ. "ಸೈನ್ ಮೈಂ ಕರೂಂಗಿ." ಸಹಿಯ ಹೊಣೆ ತಮ್ಮದೆಂದು.

ಇಡೀ ವಾರ್ಡು ಸುತ್ತಿ ನಲ್ಲಿ, ಮಂಚದ ಸರಳು, ಡ್ರೆಸ್ಸಿಂಗ್ ಟ್ರಾಲಿ ಎಲ್ಲವನ್ನೂ ಹತ್ತಿಕಡ್ಡಿಯಿಂದ ಒರೆಸಿ ಮಾದರಿ ತೆಗೆದೆ. ನನ್ನ ಎರಡು ಕೈಗಳದ್ದೂ ತೆಗೆದೆ. ಬೆಳೆಯಲು ಕಾಯಬೇಕಾದ ಆ ಎರಡು ದಿನ ಮನೆಯಲ್ಲಿ ಮಗಳನ್ನು ಮುಟ್ಟಲೂ ಅಂಜಿದೆ. ಹಮಾಲ ಚಳಿಜ್ವರದಲ್ಲಿ ಮಂಚ ಅಲುಗುವಂತೆ ನಡುಗುತ್ತಿದ್ದ.

ನನ್ನ ಕೈಗಳಲ್ಲಿ ಏನೂ ಬೆಳೆಯಲಿಲ್ಲ. ನಲ್ಲಿಯಲ್ಲಿ ಅದೇ ಬ್ಯಾಕ್ಟೀರಿಯಾ ಬೆಳೆಯಿತು, ಟ್ರಾಲಿಯಲ್ಲೂ ಬೆಳೆಯಿತು. ಡಾಕ್ಟರು ರಿಪೋರ್ಟಿಗೆ ಸಹಿ ಹಾಕಿ ಅದರ ಒಂದು ಪ್ರತಿಯನ್ನು ತಮ್ಮ ಬಳಿಯೇ ಇಟ್ಟುಕೊಂಡರು. ಅದೇ ಮಧ್ಯಾಹ್ನ ವಾರ್ಡಿಗೆ ಹೊಸ ರೋಗಿಗಳನ್ನು ಸೇರಿಸುವುದು ನಿಂತಿತು.

ಅಕ್ಕ ಮೆಟ್ಟಿಲ ಬಳಿ ನನ್ನನ್ನು ತಡೆದರು. "ಅವನಿಗೂ ಇವರದ್ದೇ ಸೋಂಕು ಅಂತೆ. ನನ್ನ ಕೈಯಿಂದ ಹೋಯ್ತಾ?"

"ಡ್ರೆಸ್ಸಿಂಗ್ ಟ್ರಾಲಿಯಲ್ಲೂ ಉಂಟು ಅಕ್ಕ. ಎಲ್ಲಿಂದ ಎಲ್ಲಿಗೆ ಹೋಯ್ತು ಅಂತ ಹೇಳ್ಲಿಕ್ಕೆ ಯಾರಿಂದಲೂ ಆಗುದಿಲ್ಲ."

ಅವರು ನನ್ನನ್ನೇ ನೋಡಿದರು. "ಆ ದಿನ ಕೈ ತೊಳ್ಕೊಳ್ಳಿ ಅಂದೆಯಲ್ಲ. ನಿಂಗೆ ಗೊತ್ತಿತ್ತು."

"ಅನುಮಾನ ಇತ್ತು."

"ಒಂದು ಮಾತು ಹೇಳ್ಬಹುದಿತ್ತು," ಎಂದು ಮೇಲೆ ಹೋದರು.

ಇಬ್ಬರಿಗೂ, ಬಿಲ್ಲೆಯಿಂದ ಪರೀಕ್ಷಿಸಲಾಗದ, ಕೊನೆಯದಾಗಿ ಉಳಿದಿದ್ದ ಒಂದೇ ಔಷಧಿ ಕೊಟ್ಟರು, ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದೆಂದು ಗೊತ್ತಿದ್ದೂ. ಅಕ್ಕನ ಗಂಡನಿಗೆ ಕೆಲವು ದಿನ ಡಯಾಲಿಸಿಸ್ ಬೇಕಾಯಿತು, ಬದುಕಿಕೊಂಡರು. ಹಮಾಲನೂ ಉಳಿದ, ಆದರೆ ಮೊಣಕಾಲಿನ ಕೆಳಗೆ ಕಾಲು ಕತ್ತರಿಸಬೇಕಾಯಿತು. ಅವನನ್ನು ಬೇರೆ ಕೋಣೆಗೆ ಹಾಕಿದ ಮೇಲೂ ಅಕ್ಕ ಗ್ಲೌಸ್, ಏಪ್ರನ್ ತೊಟ್ಟು ಹೋಗಿ ಮಾತಾಡಿಸುತ್ತಿದ್ದರಂತೆ.

ಅಂದಿನಿಂದ ಅಂಥ ತಟ್ಟೆ ಕಂಡರೆ ನಾನು ಸಹಿಗೆ ಕಾಯದೆ ಮೊದಲು ವಾರ್ಡಿಗೆ ಫೋನ್ ಮಾಡುತ್ತೇನೆ.

ಡಿಸ್ಚಾರ್ಜ್ ದಿನ ಅಕ್ಕ ಲ್ಯಾಬಿನ ಕಿಟಕಿಗೆ ಬಂದರು. "ಮನೇಲಿ ಇವರ ಬಟ್ಟೆ ಬೇರೆ ಒಗೀಬೇಕಾ?" ನಾನು ಹೊರಗೆ ಬಂದು ಬಟ್ಟೆ, ಗಾಯ, ಕೈ ತೊಳೆಯುವುದು, ಗೊತ್ತಿದ್ದುದನ್ನೆಲ್ಲ ನಿಧಾನವಾಗಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ತಂಗಿ ಎಂದು ಮಾತ್ರ ಕರೆಯಲಿಲ್ಲ.