ದೀಪ ಆರಿದ್ದರೆ ಎಲ್ಲ ಸರಿ

ಮಾವಶಿಯ, ಅಂದರೆ ನನ್ನ ಚಿಕ್ಕಮ್ಮನ, ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ನಮ್ಮ ಜೈನರ ಮನೆಗಳಿಗೆ ಇದು ಹೊಸದಲ್ಲ. ಆದರೆ ಈಗ ಎಷ್ಟೋ ಮನೆಗಳಲ್ಲಿ ಈ ನೇಮ ಚಾತುರ್ಮಾಸಕ್ಕಷ್ಟೇ ಉಳಿದಿದೆ. ಮಾವಶಿಯದು ವರ್ಷವಿಡೀ ನಡೆಯುವ ನೇಮ. ಬೆಳಕಿರುವಾಗಲೇ ಉಂಡು, ತಾಟು ತೊಳೆದಿಟ್ಟು, ಅಡುಗೆಮನೆಯ ದೀಪ ಆರಿಸಿ, ಹೊರಗಿನ ಕೋಣೆಯಲ್ಲಿ ಜಪಮಾಲೆ ಹಿಡಿದು ಕೂತರೆ ಆಕೆಯ ದಿನ ಮುಗಿಯಿತು. ನನ್ನ ಆಫೀಸು ಬಿಡುತ್ತಿದ್ದದ್ದೇ ಕತ್ತಲಾದ ಮೇಲೆ. ಮಿರಜಿನಿಂದ ಸಾಂಗಲಿಗೆ ವಡಾಪ್ ರಿಕ್ಷಾದಲ್ಲಿ ಏಳೆಂಟು ಜನರ ನಡುವೆ ಇಕ್ಕಟ್ಟಾಗಿ ಕೂತು ಬಂದು ಇಳಿದರೆ, ಕತ್ತಲ ಅಡುಗೆಮನೆಯಲ್ಲಿ ಮುಚ್ಚಿಟ್ಟ ತಾಟೊಂದು ನನಗಾಗಿ ಕಾದಿರುತ್ತಿತ್ತು. ಜೋಳದ ಭಕ್ರಿ ಅಷ್ಟೊತ್ತಿಗೆ ಬಿರುಸಾಗಿರುತ್ತಿತ್ತು.

ಬಾಗಿಲು ತೆಗೆದ ಸದ್ದಿಗೆ ಮಾವಶಿ ಅಲ್ಲಿಂದಲೇ ಕೇಳುತ್ತಿದ್ದಳು, "ಎಲ್ಲಾ ಬರೋಬ್ಬರಿ?"

"ಹೂಂ," ಎನ್ನುತ್ತಿದ್ದೆ ನಾನು. ಆ ಮನೆಯಲ್ಲಿ ದಿನಕ್ಕೆ ನಡೆಯುತ್ತಿದ್ದ ಮಾತುಕತೆ ಹೆಚ್ಚುಕಮ್ಮಿ ಇಷ್ಟೇ.

ಅದಕ್ಕೂ ಮೊದಲು ನಾನು ವಾಯುಸೇನೆಯಲ್ಲಿ ಹೆಲಿಕಾಪ್ಟರ್ ಹಾರಿಸುತ್ತಿದ್ದೆ. ಹೆಣ್ಣುಮಕ್ಕಳಿಗೆ ಆಗ ಸಿಗುತ್ತಿದ್ದದ್ದು ಕೆಲವು ವರ್ಷಗಳ ಕರಾರಿನ ನೌಕರಿ. ಅವಧಿ ಮುಗಿಯಿತು, ಸಮವಸ್ತ್ರ ಮಡಚಿ ಟ್ರಂಕಿಗೆ ಹಾಕಿ ಊರಿಗೆ ಬಂದೆ. ತಂದೆತಾಯಿ ಇಲ್ಲದ ನನ್ನನ್ನು ಬೆಳೆಸಿದವಳು ಮಾವಶಿಯೇ, ಹಾಗಾಗಿ ಊರು ಅಂದರೆ ಆಕೆಯ ಮನೆ. ನಾನು ಚಿಕ್ಕವಳಿದ್ದಾಗಲೇ ಗಂಡನನ್ನು ಕಳೆದುಕೊಂಡ ಆಕೆಗೂ ನಾನೊಬ್ಬಳೇ. ಎದುರುಮನೆಯ ಕಾಕಾ ನನ್ನನ್ನು ಕಂಡಾಗೆಲ್ಲ ಕೇಳುತ್ತಿದ್ದರು, "ಮ್ಯಾಲಿಂದ ನಮ್ಮ ಸಾಂಗಲಿ ಹ್ಯಾಂಗ ಕಾಣತದ?" ನಾನು ಹಾರಿದ್ದೆಲ್ಲ ದೂರದ ಗುಡ್ಡಗಾಡಿನಲ್ಲಿ, ಸಾಂಗಲಿಯ ಮೇಲೆ ಒಮ್ಮೆಯೂ ಹಾರಿರಲಿಲ್ಲ. ಹಾಗೆಂದರೆ ಅವರ ಮುಖ ಸಣ್ಣದಾಗುತ್ತಿತ್ತು. ಆಮೇಲಾಮೇಲೆ "ಚೆಂದ ಕಾಣತದರಿ ಕಾಕಾ, ಹರಿಪುರದ ಸಂಗಮ ಅಂತೂ ಭಾಳ ಚೆಂದ" ಎಂದು ಹೇಳಿ ದಾಟಿಕೊಳ್ಳತೊಡಗಿದೆ.

ಪುಣೆಗೆ ಹೋಗಿ ಕಂಪ್ಯೂಟರ್ ಪರದೆಗಳನ್ನು ವಿನ್ಯಾಸ ಮಾಡುವುದನ್ನು ಕಲಿತೆ. ಜನ ಪರದೆಯ ಮುಂದೆ ನಿಂತಾಗ ಏನು ನೋಡುತ್ತಾರೆ, ಎಲ್ಲಿ ತಡವರಿಸುತ್ತಾರೆ, ಯಾವ ಮಾತು ಅವರಿಗೆ ಅರ್ಥವಾಗುತ್ತದೆ, ಇದನ್ನೆಲ್ಲ ನೋಡಿ ತಿದ್ದುವ ಕೆಲಸ. ಇದಕ್ಕೆ ಯೂಸರ್ ಎಕ್ಸ್‌ಪೀರಿಯನ್ಸ್ ಎಂಬ ಹೆಸರಿದೆ ಎಂದು ಮಾವಶಿಗೆ ಹೇಳಿದೆ. ಆಕೆ ಬುಧಗಾಂವದ ನೆಂಟರ ಮುಂದೆ "ಟಿವಿಯಂಥಾದ್ದರಾಗ ಏನೋ ಬರೀತಾಳ" ಎಂದಳು. ನೆಂಟರು, "ಕುದರಿ ಇಳದು ಕತ್ತೆ ಏರಿದಂಗ ಆತಲ್ಲ" ಎಂದು ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ ಉರಿಯುತ್ತಿತ್ತು.

ಆಗ ಸಾಂಗಲಿ ಮಿರಜುಗಳ ನಡುವಿನ ರಸ್ತೆಯಲ್ಲಿ ತಿಂಗಳಿಗೊಂದು ಹೊಸ ಕಟ್ಟಡ ಏಳುತ್ತಿತ್ತು. ನಾನು ಸೈಕಲ್ ಕಲಿತ ಹೊಲದಲ್ಲಿ ಮೋಟಾರ್‌ಸೈಕಲ್ ಶೋರೂಂ ಬಂದಿತ್ತು. ಕುಪವಾಡದ ಎಂಐಡಿಸಿ ಕೈಗಾರಿಕಾ ಪ್ರದೇಶದ ಸಣ್ಣ ಕಾರಖಾನೆಯವರಿಗೂ ತಮ್ಮದೊಂದು ವೆಬ್‌ಸೈಟ್ ಬೇಕೆನಿಸತೊಡಗಿತ್ತು. ಮಿರಜಿನಲ್ಲಿ ಔಷಧದ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅಂಥ ಕೆಲಸ ಮಾಡಿಕೊಡುವ ಒಂದು ಪುಟ್ಟ ಕಂಪನಿಯಿತ್ತು, ಅದಕ್ಕೆ ಸೇರಿದೆ. ಅಲ್ಲಿ ಎಲ್ಲರೂ ನನಗಿಂತ ಚಿಕ್ಕವರು, ಎಲ್ಲರ ಮಾತೂ ಮರಾಠಿ. ಮನೆಯ ಮಾತು ಕನ್ನಡವಾದರೂ ನನ್ನ ಮರಾಠಿಗೇನೂ ಕೊರತೆಯಿರಲಿಲ್ಲ. ಆದರೆ ಅವರು ಚಹಾಕ್ಕೆ ಎದ್ದಾಗ ನನ್ನನ್ನು ಕರೆಯುತ್ತಿರಲಿಲ್ಲ. ಸೈನ್ಯದಿಂದ ಬಂದ ಮ್ಯಾಡಮ್ಮು, ಸಿಟ್ಟಿನವಳಿರಬೇಕು ಎಂದುಕೊಂಡಿದ್ದರೋ ಏನೋ. ಸಿಟ್ಟಿನವಳು ಹೌದು, ಚಹಾದ ಮೇಲೆ ಮಾತ್ರ ನನಗೆ ಯಾವ ಸಿಟ್ಟೂ ಇರಲಿಲ್ಲ.

ಸೇರಿ ವರ್ಷವಾಗುವ ಹೊತ್ತಿಗೆ ನನಗೆ ಮೊದಲ ದೊಡ್ಡ ಕೆಲಸ ಸಿಕ್ಕಿತು, ಒಂದು ಖಾಸಗಿ ಆಸ್ಪತ್ರೆಯದು. ಮಿರಜಿಗೆ ಔಷಧೋಪಚಾರಕ್ಕೆಂದು ಗಡಿಯಾಚೆಯ ಕನ್ನಡದ ಹಳ್ಳಿಗಳಿಂದ ಜನ ಬರುವುದು ತಲೆಮಾರುಗಳಿಂದ ನಡೆದುಬಂದದ್ದು. ಅವರಿಗಾಗಿ ಬಾಗಿಲಲ್ಲೇ ಬೆರಳಿನಿಂದ ಮುಟ್ಟುವ ಪರದೆಯೊಂದನ್ನು ಇಡುವುದಿತ್ತು. ಕಣ್ಣು, ಎಲುಬು, ಕೂಸು, ಹೀಗೆ ಚಿತ್ರಗಳು. ಬೇಕಾದ್ದನ್ನು ಒತ್ತಿದರೆ ಒಳಗಿನ ಕಿಟಕಿಯಲ್ಲಿ ಪಾಳಿಯ ಚೀಟಿ ಹೊರಬರುತ್ತದೆ, ಅಲ್ಲಿಯ ಗುಮಾಸ್ತೆ ಕರೆದು ಕೊಡುತ್ತಾಳೆ.

ನಾನದನ್ನು ಹೆಲಿಕಾಪ್ಟರಿನ ಹಾಗೆ ಮಾಡಿದೆ. ಪೈಲಟ್‌ನ ಕಣ್ಣೆದುರು ಎಚ್ಚರಿಕೆಯ ದೀಪಗಳ ಸಾಲೊಂದಿರುತ್ತದೆ. ಎಣ್ಣೆಯ ಒತ್ತಡ ಇಳಿದರೆ ಒಂದು ಹೊತ್ತಿಕೊಳ್ಳುತ್ತದೆ, ಎಂಜಿನ್ ಕಾದರೆ ಇನ್ನೊಂದು. ಎಲ್ಲ ಸರಿಯಿದ್ದರೆ ಎಲ್ಲವೂ ಆರಿರುತ್ತವೆ. ವರ್ಷಗಟ್ಟಲೆ ಆ ಕತ್ತಲನ್ನು ನೋಡುತ್ತಾ ನಿಶ್ಚಿಂತೆಯಿಂದ ಹಾರಿದವಳು ನಾನು. ನನ್ನ ಪರದೆಯೂ ಹಾಗೆಯೇ. ಒತ್ತಿದ್ದು ಸರಿಯಾಗಿದ್ದರೆ ಏನನ್ನೂ ಹೇಳದು, ತೊಂದರೆಯಾದರೆ ಮಾತ್ರ ಕೆಂಪಾಗುವುದು. ನಮ್ಮ ಮಾಲೀಕರಿಗೂ ಅದು ಹಿಡಿಸಿತು.

ಪರದೆ ಇಟ್ಟ ದಿನ ಪಕ್ಕದ ಬೆಂಚಿನಲ್ಲಿ ಕೂತು ನೋಡುತ್ತಿದ್ದೆ. ಇಳಕಲ್ ಸೀರೆಯ ಅಜ್ಜಿಯೊಬ್ಬರು ಕಣ್ಣಿನ ಚಿತ್ರ ಒತ್ತಿದರು. ಪರದೆ ಸುಮ್ಮನಿತ್ತು. ಮತ್ತೆ ಒತ್ತಿದರು. ಬೆರಳನ್ನು ಸೆರಗಿಗೆ ಒರೆಸಿಕೊಂಡು ಇನ್ನೊಮ್ಮೆ ಒತ್ತಿದರು. ಒಳಗೆ ಕಣ್ಣಿನ ಚೀಟಿಗಳು ಒಂದರ ಹಿಂದೊಂದು ಬರುತ್ತಲೇ ಇದ್ದವು, ಗುಮಾಸ್ತೆ ಕಿಟಕಿಯಿಂದ ತಲೆ ಹೊರಹಾಕಿ ಇದೇನು ಎಂದು ಕೂಗುತ್ತಿದ್ದಳು.

ನಾನೆದ್ದು ಹತ್ತಿರ ಹೋದೆ. ಅಜ್ಜಿ ನನ್ನ ಕಡೆ ತಿರುಗಿ, "ನಾ ಒತ್ತಾಕ ಹತ್ತೇನಿ, ಇದು ಏನೂ ಅನ್ನವಲ್ದು ನೋಡವಾ," ಎಂದರು.

"ಅದಕ್ಕ ತಿಳದೈತ್ರಿ ಅಜ್ಜಿ. ಏನರ ಅಡಚಣಿ ಆದರ ಅಷ್ಟ ಹೇಳತೈತ್ರಿ."

"ತಿಳದೈತಿ ಅಂತ ನನಗ ಹ್ಯಾಂಗ ಗೊತ್ತಾಗಬೇಕ?" ಎಂದು ಅವರು ಮತ್ತೆ ಒತ್ತಿದರು. ಅವರ ಹಿಂದೆ ನಿಂತವರೂ ಅದನ್ನೇ ಮಾಡಿದರು. ಮಧ್ಯಾಹ್ನದೊಳಗೆ ಆಸ್ಪತ್ರೆಯವರು ಪರದೆಗೆ ಬಟ್ಟೆ ಹೊದಿಸಿದರು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಾಗ ನನಗೆ ನೆನಪಾದದ್ದು ದೀಪಗಳಲ್ಲ, ನನ್ನ ಪಕ್ಕದ ಸೀಟು. ಹೆಲಿಕಾಪ್ಟರಿನಲ್ಲಿ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿರುಗಿ ಹೇಳಲೇಬೇಕು. "ಇನ್ನು ನೀನು ಹಾರಿಸು" ಎಂದರೆ, "ಇನ್ನು ನಾನು ಹಾರಿಸುತ್ತೇನೆ" ಎಂಬ ಉತ್ತರ ಕಿವಿಗೆ ಬೀಳುವವರೆಗೆ ಕೈ ಬಿಡುವಂತಿಲ್ಲ. ಅಷ್ಟು ವರ್ಷ ನಾನು ಆಡಿದ ಒಂದೊಂದು ಮಾತಿಗೂ ಉತ್ತರವಿತ್ತು. ನನಗೆ ಆಕಾಶ ಬೇಕಾಗಿರಲಿಲ್ಲ, ಆ ದನಿ ಬೇಕಾಗಿತ್ತು. ಅದು ಅಲ್ಲಿ ಕೂತಾಗಲೇ ತಿಳಿಯಿತು, ತಿಳಿದು ಅಳು ಬಂತು. ಮಿರಜಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಅಳುವವರನ್ನು ಯಾರೂ ಏನೆಂದು ಕೇಳುವುದಿಲ್ಲ.

ಆಫೀಸಿಗೆ ಹೋಗಿ ಪರದೆಯನ್ನು ತಿದ್ದಲು ಕೂತೆ. ಒತ್ತಿದ ಚಿತ್ರ ದೊಡ್ಡದಾಗಿ, "ಕಣ್ಣಿನ ಡಾಕ್ಟರಿಗೆ ನಿಮ್ಮ ಪಾಳಿ ಹಚ್ಚೇವ್ರಿ, ಕುಂದ್ರಿ, ಕರೀತೀವಿ" ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಬರೆದು ತೋರಿಸಬೇಕು, ಓದು ಬಾರದವರಿಗೆ ಅದನ್ನೇ ಒಂದು ದನಿ ಹೇಳಬೇಕು. ಕನ್ನಡದ ದನಿಗೆ ಬೇರೆ ಯಾರೂ ಇರಲಿಲ್ಲ, ನಾನೇ ಹೇಳಿ ತುಂಬಿಸಿದೆ.

ಆ ಸಂಜೆ ಬಾಗಿಲು ತೆಗೆದಾಗ ಮಾವಶಿ ಎಂದಿನಂತೆ, "ಎಲ್ಲಾ ಬರೋಬ್ಬರಿ?" ಎಂದಳು.

"ಇಲ್ಲ ಮಾವಶಿ," ಎಂದೆ. "ದಿನಾ ಒಬ್ಬಾಕೀನ ಉಣ್ಣಾಕ ನನಗ ಭಾಳ ಬ್ಯಾಸರ ಆಗೇತಿ."

ಜಪಮಾಲೆ ಒಂದು ಕ್ಷಣ ನಿಂತಿತು, ಮತ್ತೆ ಸರಿಯಿತು. ನಾನು ಉಣ್ಣದೆ ಮಲಗಿದೆ. ಹೇಳಬಾರದಿತ್ತು ಅನಿಸಿತು, ನೇಮದವಳ ಮುಂದೆ ಇದೆಂಥ ಮಾತು ಎಂದು ನನ್ನನ್ನೇ ಬೈದುಕೊಂಡೆ.

ಮರುದಿನ ರಿಕ್ಷಾ ಇಳಿದು ಓಣಿಯ ತಿರುವಿಗೆ ಬಂದರೆ ಅಡುಗೆಮನೆಯ ದೀಪ ಉರಿಯುತ್ತಿತ್ತು. ದೀಪ ಹೊತ್ತಿದರೆ ಏನೋ ಕೆಟ್ಟಿದೆ ಎಂದೇ ನನ್ನ ಮೈ ತಿಳಿಯುವುದು. ಓಡಿದೆ, ಚಪ್ಪಲಿ ಸಮೇತ ಒಳಗೆ ಹೋದೆ.

ಮಾವಶಿ ನನ್ನ ತಾಟಿನ ಎದುರು ನೆಲದ ಮೇಲೆ ಕೂತಿದ್ದಳು. ಆಕೆಯ ಮುಂದೆ ಒಂದು ಲೋಟ ನೀರೂ ಇರಲಿಲ್ಲ.

"ನಾ ಉಣ್ಣಂಗಿಲ್ಲ," ಎಂದಳು. "ನೀ ಉಣ್ಣು, ನಾ ಕುಂದರತೇನಿ. ಮೊದಲ ಚಪ್ಪಲಿ ಹೊರಗ ಬಿಡು."

ಚಪ್ಪಲಿ ಬಿಟ್ಟು, ಕೈಕಾಲು ತೊಳೆದು ಬಂದು ಕೂತೆ. ಭಕ್ರಿ ಇನ್ನೂ ಬೆಚ್ಚಗಿತ್ತು, ಈಗಷ್ಟೇ ಬಡಿದದ್ದು. ಮಾವಶಿ ತಾಟಿನ ಅಂಚಿಗೆ ಶೇಂಗಾ ಚಟ್ನಿ ಬಡಿಸುತ್ತಾ, ನನ್ನ ಮುಖ ನೋಡದೆ ಹೇಳಿದಳು.

"ನಾನೂ ಹೊತ್ತ ಇದ್ದಾಗ ಒಬ್ಬಾಕೀನ ಉಣ್ಣತೇನಲ್ಲ, ಮಗಳ. ನಿನಗ ಒಂದ ವರ್ಷದ ಬ್ಯಾಸರ. ನನಗ ನೀ ವಿಮಾನಕ್ಕ ಹ್ವಾದಾಗಿಂದ ಐತಿ."

"ಹೌದು ಮಾವಶಿ," ಎಂದೆ. ಈ ಸಲ ಬರೀ ಹೂಂ ಅನ್ನಲಿಲ್ಲ.