ನಮ್ಮೂರಲ್ಲಿ ಮಾತ್ರ ಬೇಡ

ಶಹಾಬಾದದಲ್ಲಿ ಹೆಂಗಸರಿಗೆ ಸ್ಕೂಟರ್ ಕಲಿಸುತ್ತೇನೆ ಎಂದು ನಾನು ಹೊರಟಾಗ ನಮ್ಮ ಮನೆಯವರು ಇಟ್ಟ ಷರತ್ತು ಒಂದೇ. "ದಸರಾ ತನಕ ನೋಡು. ಯಾರೂ ಬರಲಿಲ್ಲಂದ್ರ ಕಲಸೂ ಗಾಡಿ ಮಾರಿ, ಅಣ್ಣನ ಝೆರಾಕ್ಸ್ ಅಂಗಡ್ಯಾಗ ಕುಂದ್ರು." ಅಣ್ಣ ಎಂದರೆ ನನ್ನ ಭಾವ. ಆ ಅಂಗಡಿಯಲ್ಲಿ ನಾನು ಎರಡು ವರ್ಷ ಕೂತವಳೇ. ಆಧಾರ್ ಕಾರ್ಡಿನ ಎರಡೂ ಬದಿ ಒಂದೇ ಹಾಳೆಯ ಮೇಲೆ ಬರಬೇಕೆಂದು ಬೆಳಗಿನಿಂದ ಸಂಜೆವರೆಗೆ ಹೇಳಿಸಿಕೊಳ್ಳುವುದು, ಭಾವ ಬಂದಾಗೊಮ್ಮೆ ಎದ್ದು ನಿಲ್ಲುವುದು. ಮತ್ತೆ ಅಲ್ಲಿಗೆ ಹೋಗಲಾರೆ ಎಂದರೆ ಹೋಗಲಾರೆ. ಹಟಕ್ಕೆ ಬಿದ್ದು ಷರತ್ತಿಗೆ ಹೂಂ ಅಂದುಬಿಟ್ಟೆ.

ಜೂನ್ ತಿಂಗಳಲ್ಲಿ ಶುರು ಮಾಡಿದೆ. ದಿನಾ ಬೆಳಿಗ್ಗೆ ಆರಕ್ಕೆ ಶಾಲೆಯ ಮೈದಾನಕ್ಕೆ ಹೋಗಿ ಗಾಡಿ ನಿಲ್ಲಿಸಿಕೊಂಡು ಕಾಯುವುದು, ಯಾರೂ ಬರದಿದ್ದರೆ ಒಬ್ಬಳೇ ಸುತ್ತು ಹೊಡೆಯುವುದು. ವಾಕಿಂಗಿಗೆ ಬಂದ ಹೆಂಗಸರು ಕಂಪೌಂಡಿನ ಪಕ್ಕ ನಿಂತು ನೋಡುತ್ತಿದ್ದರು. "ಬರ್ರಿ ಅಕ್ಕಾ, ಒಂದ್ಸಲ ಕುಂತರ ನೋಡ್ರಿ" ಎಂದರೆ ಸಾಕು, ಸೆರಗು ಸರಿಮಾಡಿಕೊಂಡು ಬಿರಬಿರನೆ ನಡೆದುಬಿಡುವರು. "ಈ ವಯಸ್ಸಿನಾಗ ನಮಗ್ಯಾಕ್ರಿ ಅವೆಲ್ಲ!" ಅಯ್ಯ, ನನ್ನ ವಯಸ್ಸೇನು ಕಡಿಮೆಯೇ?

ಮೈದಾನಕ್ಕೆ ಯಾರೂ ಬಾರದಿದ್ದಾಗ ಫೋನಿನಲ್ಲಿ ವಿಡಿಯೊ ಹಾಕತೊಡಗಿದೆ. ಕೆಳಗೆ ನನ್ನ ನಂಬರು. ಡಬಲ್ ಸ್ಟ್ಯಾಂಡ್ ಹಾಕುವಾಗ ಯಾವ ಕಾಲಿನ ಮೇಲೆ ಭಾರ ಬಿಡಬೇಕು, ಸೀರೆಯ ನೆರಿಗೆ ಚಕ್ರಕ್ಕೆ ಸಿಗದಂತೆ ಹೇಗೆ ಕೂರಬೇಕು, ಕಲ್ಲಿನ ಪುಡಿ ಬಿದ್ದ ರಸ್ತೆಯಲ್ಲಿ ಬ್ರೇಕ್ ಹೇಗೆ ಹಿಡಿಯಬೇಕು, ಹೀಗೆ ದಿನಕ್ಕೊಂದು. ಇಪ್ಪತ್ತು ಮೂವತ್ತು ಜನ ನೋಡಿದರೆಂದು ತೋರಿಸುತ್ತಿತ್ತು. ಆದರೆ ಒಂದು ಲೈಕ್ ಇಲ್ಲ, ಒಂದು ಮಾತಿಲ್ಲ, ಒಂದು ಫೋನ್ ಇಲ್ಲ. ಒಮ್ಮೆ ಮಾತ್ರ ಯಾರೋ ಮಹಾನುಭಾವ ಬರೆದಿದ್ದ: "ಮನ್ಯಾಗ ಅಡಗಿ ಯಾರು ಮಾಡ್ತಾರ?" ನನಗೆ ಸಿಟ್ಟು ಮೂಗಿನ ತುದಿಯಲ್ಲೇ. "ನಿಮ್ಮನಿಗಿ ಊಟಕ್ಕ ಬರೂದಿಲ್ಲ, ಚಿಂತಿ ಮಾಡಬ್ಯಾಡ್ರಿ" ಎಂದು ಬರೆದು, ಮರುದಿನ ಇನ್ನೊಂದು ವಿಡಿಯೊ ಹಾಕಿದೆ.

ಸಿಟ್ಟಿದ್ದ ದಿನಗಳು ಹೇಗೋ ಕಳೆಯುತ್ತಿದ್ದವು. ಸಿಟ್ಟು ಇಳಿದ ದಿನಗಳೇ ಕೆಟ್ಟವು. ಗಣಪತಿಯೂ ಬಂದು ಹೋದ. ದಸರಾ ಹತ್ತಿರ ಬರುತ್ತಿತ್ತು. ಒಂದು ಬೆಳಿಗ್ಗೆ ಮೈದಾನದಲ್ಲಿ ಗಾಡಿಯ ಮೇಲೆ ಕೂತು ಅತ್ತುಬಿಟ್ಟೆ. ಅತ್ತು, ಮುಖ ಒರೆಸಿಕೊಂಡು, ಕನ್ನಡಿ ಹೊಂದಿಸುವುದು ಹೇಗೆ ಎಂಬ ವಿಡಿಯೊ ಮಾಡಿದೆ. ನನ್ನ ಕಣ್ಣು ಕೆಂಪಾಗಿರುವುದು ಅದರಲ್ಲಿ ಈಗಲೂ ಕಾಣುತ್ತದೆ.

ಅದನ್ನು ಹಾಕಿದ ಎರಡನೇ ದಿನ ಫೋನ್ ಬಂತು. ವಾಡಿಯಲ್ಲಿ ಮನೆಯಲ್ಲೇ ಬಟ್ಟೆ ಹೊಲಿಯುವ ಒಬ್ಬ ಹೆಂಗಸು.

"ಮೇಡಂ, ನಿಮ್ಮ ವಿಡಿಯೊ ಎಲ್ಲಾ ನೋಡೀನ್ರಿ. ಡಬಲ್ ಸ್ಟ್ಯಾಂಡಿಂದು ನಾಕ್ ಸಲ ನೋಡೀನಿ."

ಸಂತೋಷವಾಗುವ ಬದಲು ನನಗೆ ಮೈಯೆಲ್ಲ ಉರಿಯಿತು. "ಮತ್ತ ಒಂದು ಲೈಕರ ಒತ್ತಬಾರದೇನ್ರಿ? ನಾ ಇಲ್ಲಿ ಹುಚ್ಚಿ ಹಂಗ ಒಬ್ಬಾಕಿನೇ ಮಾತಾಡಾಕತ್ತೀನಿ!"

"ಹೆಂಗ ಒತ್ತಲ್ರಿ? ನಮ್ಮ ನಾದಿನಿಗಿ ಕಾಣಸ್ತದ. ಆಕಿಗಿ ಗೊತ್ತಾದ್ರ ಓಣಿಗೆಲ್ಲ ಗೊತ್ತಾದಂಗ." ಆಮೇಲೆ ಕೇಳಿದಳು: "ನಾ ಶಹಾಬಾದಕ್ಕ ಬಂದ್ರ ಕಲಸ್ತೀರೇನ್ರಿ? ಬಿದ್ರ ಬೀಳ್ತೀನಿ, ನಮ್ಮೂರಾಗ ಬೀಳೂದು ಬ್ಯಾಡ."

ಫೋನ್ ಇಟ್ಟು ಹಣೆ ಹಣೆ ಚಚ್ಚಿಕೊಂಡೆ. ಮೂರು ತಿಂಗಳಿಗೂ ಹೆಚ್ಚು ಕಾಲ ಶಹಾಬಾದದ ಹೆಂಗಸರನ್ನು ಶಹಾಬಾದದ ಮೈದಾನಕ್ಕೇ ಕರೆದಿದ್ದೆನಲ್ಲ! ಅತ್ತೆಯ ಗೆಳತಿ, ಮಗನ ಮಾಸ್ತರು, ಹಾಲಿನವನು, ಎಲ್ಲರೂ ಹಾಯುವ ಜಾಗ ಅದು. ನಾನಾದರೂ ಕಲಿತದ್ದೆಲ್ಲಿ? ಹುಟ್ಟಿದೂರು ಸೇಡಂನಲ್ಲಲ್ಲ, ಚಿಂಚೋಳಿಯಲ್ಲಿ, ಅಕ್ಕನ ಮನೆಯ ಹಿಂದಿನ ಬಯಲಲ್ಲಿ. ನನ್ನದೇ ನಾಚಿಕೆ ನನಗೆ ಮರೆತುಹೋಗಿತ್ತು.

ಆ ದಿನದ ವಿಡಿಯೊದಲ್ಲಿ ಗಾಡಿ ತೋರಿಸಲೇ ಇಲ್ಲ. ನೇರವಾಗಿ ಹೇಳಿದೆ: "ಶಹಾಬಾದದವ್ರಿಗಿ ವಾಡ್ಯಾಗ, ವಾಡಿಯವ್ರಿಗಿ ಶಹಾಬಾದದಾಗ, ಸೇಡಂದವ್ರಿಗಿ ಚಿತ್ತಾಪುರದಾಗ ಕಲಸ್ತೀನ್ರಿ. ಲೈಕ್ ಒತ್ತಬ್ಯಾಡ್ರಿ, ಫೋನ್ ಮಾಡ್ರಿ." ಮರುದಿನ ಮಧ್ಯಾಹ್ನದೊಳಗೆ ಏಳು ಫೋನ್ ಬಂದವು. ಅವರಲ್ಲಿ ಮೂವರು ಕಂಪೌಂಡಿನ ಪಕ್ಕ ನಿಂತು ನೋಡಿ ಓಡಿದವರೇ! ಅಬ್ಬಾ, ಅವತ್ತು ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ.

ವಾಡಿಯಾಕೆ ಮೊದಲ ದಿನವೇ ಬಿದ್ದಳು. ನಾನು ಓಡಿದರೆ, ಆಕೆ ಮೊಣಕೈ ಕೊಡವಿಕೊಂಡು ಮೈದಾನದ ಸುತ್ತ ಕಣ್ಣಾಡಿಸಿ, "ಗುರ್ತಿನವ್ರು ಒಬ್ಬರೂ ಇಲ್ಲ!" ಎಂದು ಜೋರಾಗಿ ನಕ್ಕಳು. ಹತ್ತನೇ ದಿನ ನನ್ನನ್ನು ಹಿಂದೆ ಕೂರಿಸಿಕೊಂಡು ಸ್ಟೇಷನ್ನಿನ ತನಕ ಓಡಿಸಿದಳು.

ದಸರಾ ದಿನ ಭಾವ ಹೆಂಡತಿಯೊಂದಿಗೆ ಬನ್ನಿ ಕೊಡಲು ಬಂದರು. ಕೂತವರೇ, "ಮತ್ತ, ಸೋಮವಾರದಿಂದ ಅಂಗಡಿಗಿ ಬರ್ತೀಯಲ್ಲವಾ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಮನೆಯವರು, "ಆಕಿಗಿ ಪುರಸೊತ್ತ ಎಲ್ಲ್ಯದ ಬಿಡಣ್ಣಾ" ಎಂದುಬಿಟ್ಟರು. ಚಹಾದ ನೆಪ ಮಾಡಿ ಒಳಗೆ ಹೋದೆ.

ಹಿಂದೆಯೇ ಭಾವನ ಹೆಂಡತಿ ಬಂದು ಅಡುಗೆಮನೆಯ ಬಾಗಿಲು ಮುಂದೆ ಮಾಡಿದಳು.

"ಏನಾತು ಅಕ್ಕಾ?" ಎಂದೆ.

"ಏನಿಲ್ಲ." ದನಿ ತಗ್ಗಿಸಿದಳು. "ಚಿತ್ತಾಪುರದಾಗ ನಮ್ಮ ಕಡಿಯವ್ರು ಯಾರೂ ಇಲ್ಲ ನೋಡು. ನನಗ ಅಲ್ಲೇ ಕಲಸು."